ಸುಕ್ಕಿನ ಸೂಜಿ ಮತ್ತು ನಾನು ಕಲಿಸದ ಒಂದು ಪ್ರಶ್ನೆ

ಮೊದಲಿಗೆ ನನ್ನ ಮುಖದ ವಿಷಯ ಹೇಳಿಬಿಡುತ್ತೇನೆ. ನನ್ನ ಎರಡು ಹುಬ್ಬುಗಳ ನಡುವೆ ನೆಟ್ಟಗೆ ಎರಡು ಗೆರೆಗಳಿವೆ. ಕುಂಕುಮ ಇಟ್ಟುಕೊಂಡರೆ ಅದರ ಎರಡೂ ಪಕ್ಕಕ್ಕೆ ಬೇಲಿ ಹಾಕಿದ ಹಾಗೆ ಕಾಣುತ್ತವೆ. ಹುಬ್ಬು ಗಂಟಿಕ್ಕುವ ಸ್ನಾಯು ಮತ್ತೆ ಮತ್ತೆ ಬಿಗಿದುಕೊಂಡು ಹೀಗಾಗುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಆ ಸ್ನಾಯುವನ್ನು ಅಷ್ಟು ವರ್ಷ ಬಿಗಿಸಿದ್ದು ಏನು ಎಂಬುದು ನನಗೆ ಗೊತ್ತು. ಹೊಟ್ಟೆಕಿಚ್ಚು. ಬೇರೆಯವರ ಸೀರೆ, ಬೇರೆಯವರ ಸೊಸೆ, ಬೇರೆಯವರಿಗೆ ಸಿಕ್ಕ ಒಂದು ಶಹಬ್ಬಾಸ್, ಯಾವುದನ್ನೂ ನಾನು ಸುಮ್ಮನೆ ನೋಡಿದವಳಲ್ಲ.

ನಾನು ಭಾಗ್ಯಮ್ಮ. ಊರು ದೊಡ್ಡಗದ್ದವಳ್ಳಿ, ಇರುವುದು ಹಾಸನದಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ನರ್ಸ್ ಕೆಲಸ ಮಾಡಿ ನಿವೃತ್ತಳಾದೆ. ಅದರಲ್ಲಿ ಕೊನೆಯ ಹನ್ನೆರಡು ವರ್ಷ ಒಂದು ಚರ್ಮರೋಗದ ಕ್ಲಿನಿಕ್ಕಿನಲ್ಲಿದ್ದೆ. ನಮ್ಮ ಬೀದಿಯ ಇಬ್ಬರು ಹುಡುಗಿಯರು ಈಗ ನರ್ಸಿಂಗ್ ಮುಗಿಸಿ ಅಂಥದೇ ಕ್ಲಿನಿಕ್ಕುಗಳಿಗೆ ಸೇರಲು ಹೊರಟಿದ್ದಾರೆ. "ಆಂಟಿ, ಮುಖದ ಸುಕ್ಕಿಗೆ ಇಂಜೆಕ್ಷನ್ ಹಾಕ್ಸೋರು ಬಂದ್ರೆ ನಾವು ಏನೇನು ತಿಳ್ಕೊಂಡಿರಬೇಕು, ಅವ್ರಿಗೆ ಏನೇನು ತಿಳ್ಸಬೇಕು, ಬರ್ಕೊಡಿ" ಎಂದು ಕೇಳಿದರು. ಬರೆಯಲು ಕೂತೆ. ಆದರೆ ಆ ಕೆಲಸದಲ್ಲಿ ನಾನು ಒಬ್ಬ ಹುಡುಗಿಗೆ ಮಾಡಿದ ಅನ್ಯಾಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ಅದು ಸುಳ್ಳು ಬರೆದ ಹಾಗೆ. ಆದ್ದರಿಂದ ಅದೂ ಇದರಲ್ಲಿ ಬರುತ್ತದೆ.

ನಮ್ಮ ಡಾಕ್ಟರನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಮುಖ್ಯ ಕ್ಲಿನಿಕ್ ಹಾಸನದಲ್ಲಿ. ಸೋಮವಾರ ಹೊಳೆನರಸೀಪುರ, ಬುಧವಾರ ಅರಕಲಗೂಡು, ಶುಕ್ರವಾರ ಚನ್ನರಾಯಪಟ್ಟಣ. ಆ ಮೂರು ದಿನ ಮೇಡಂ ಕಾರಿನಲ್ಲಿ ಔಷಧಿಯ ಐಸ್ ಬಾಕ್ಸ್ ಹೋಗುತ್ತಿತ್ತು. ಸುಕ್ಕಿನ ಔಷಧಿ ತಣ್ಣಗೆ ಇರಲೇಬೇಕು, ಆದರೆ ಹೆಪ್ಪುಗಟ್ಟಬಾರದು. ಹಿಂದಿನ ಸೀಟಿನಲ್ಲಿಟ್ಟರೆ ಹಳ್ಳಕೊಳ್ಳದಲ್ಲಿ ಕುಲುಕುತ್ತದೆಂದು ಮುಂದಿನ ಸೀಟಿನಲ್ಲಿ ಕೂತವರು ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಿತ್ತು. ಮೊದಲ ಏಳು ವರ್ಷ ಆ ತೊಡೆ ನನ್ನದು. ಅದರ ತಂಪು ಸೀರೆ ದಾಟಿ ಮೈಗೆ ತಾಗುತ್ತಿತ್ತು. ಆದರೂ ಸ್ಟೇರಿಂಗಿನ ಪಕ್ಕದ ಸೀಟಿನಲ್ಲಿ ಕೂತು ಹೊಳೆನರಸೀಪುರದ ಪೇಟೆ ದಾಟುವಾಗ ಯಾರಾದರೂ ಗುರುತಿನವರು ನೋಡಲಿ ಎಂದು ಕಾಯುತ್ತಿದ್ದೆ.

ಔಷಧಿಯ ವಿಷಯ ಸರಳವಾಗಿ ಹೇಳುತ್ತೇನೆ. ಒಂದು ಚಿಕ್ಕ ಗಾಜಿನ ಬಾಟಲಿಯ ತಳದಲ್ಲಿ ಕಂಡೂ ಕಾಣದ ಪುಡಿ. ಅದಕ್ಕೆ ಸಲೈನ್ ಸೇರಿಸಿ, ಅತಿ ಸಣ್ಣ ಸೂಜಿಯಿಂದ ಆಯ್ದ ಸ್ನಾಯುಗಳಿಗೆ ಡಾಕ್ಟರೇ ಹಾಕಬೇಕು. ಸ್ನಾಯು ಸ್ವಲ್ಪ ಕಾಲ ಸುಮ್ಮನಾಗುತ್ತದೆ, ಅದರ ಮೇಲಿನ ಚರ್ಮ ಮಡಿಚುವುದು ನಿಲ್ಲುತ್ತದೆ. ನಗುವಾಗ, ಹುಬ್ಬು ಏರಿಸುವಾಗ ಬೀಳುವ ಗೆರೆಗೆ ಇದು ಕೆಲಸ ಮಾಡುತ್ತದೆ. ಮುಖ ಸುಮ್ಮನಿದ್ದಾಗಲೂ ಕಾಣುವ ಹಳೆಯ ಆಳದ ಗೆರೆ ಪೂರ್ತಿ ಹೋಗುವುದಿಲ್ಲ, ತೆಳುವಾಗಬಹುದು ಅಷ್ಟೆ. ಹಾಕಿಸಿದ ಸಂಜೆಯೇ ಕನ್ನಡಿ ನೋಡಿಕೊಂಡರೆ ಏನೂ ಕಾಣುವುದಿಲ್ಲ. ಮೂರು ನಾಲ್ಕು ದಿನಕ್ಕೆ ಶುರುವಾಗಿ ಎರಡು ವಾರಕ್ಕೆ ಪೂರ್ತಿ ಗೊತ್ತಾಗುತ್ತದೆ. ಮೂರು ನಾಲ್ಕು ತಿಂಗಳಿಗೆ ಮತ್ತೆ ಮೊದಲಿನಂತೆ. "ಅಂಗಾರೆ ಇದು ಪರ್ಮನೆಂಟ್ ಅಲ್ವಾ?" ಎಂದು ಅರ್ಧ ಜನ ಎದ್ದು ಹೋಗುತ್ತಿದ್ದರು. ಹೋಗಲಿ ಬಿಡಿ. ತಿಳಿದು ಎದ್ದು ಹೋದವರು ತಿಳಿಯದೆ ಕೂತವರಿಗಿಂತ ವಾಸಿ.

ನನ್ನ ಮೊದಲ ಎಡವಟ್ಟು ಮೊದಲ ವಾರದಲ್ಲೇ ಆಯಿತು. ಆಸ್ಪತ್ರೆಗಳಲ್ಲಿ ಆಂಟಿಬಯಾಟಿಕ್ ಪುಡಿಗೆ ನೀರು ಹಾಕಿ ಬಾಟಲಿಯನ್ನು ಜೋರಾಗಿ ಅಲ್ಲಾಡಿಸುವುದು ನಮಗೆ ಕೈಗೆ ಬಂದ ಅಭ್ಯಾಸ. ಇದನ್ನೂ ಹಾಗೇ ಅಲ್ಲಾಡಿಸಿದೆ. ಮೇಡಂ ಪೇಷಂಟಿನ ಎದುರಿಗೇ, "ಭಾಗ್ಯ, ಅದೇನು ಮಜ್ಜಿಗೆ ಕಡೀತಿದ್ದೀರಾ?" ಎಂದರು. ಅದು ತಿರುಗಿಸಿ ತಿರುಗಿಸಿ ನಿಧಾನವಾಗಿ ಕರಗಿಸುವ ಔಷಧಿ. ಆ ಬಾಟಲಿಯನ್ನು ಬಳಸದೆ ಎಸೆದರು. ಆದರೆ ಆಮೇಲೆ ಒಂದು ಬಾಟಲಿಯನ್ನೂ ಕೆಡಿಸಲಿಲ್ಲ.

ಆಗ ಹೆಂಗಸರು ಕದ್ದು ಬರುತ್ತಿದ್ದರು. ಸೆರಗು ಹಣೆಯವರೆಗೆ ಎಳೆದುಕೊಂಡು, ಕೌಂಟರಿನಲ್ಲಿ ಮೊಡವೆ ಎಂದು ಬರೆಸಿ, ಒಳಗೆ ಬಂದ ಮೇಲೆ ಹಣೆ ತೋರಿಸುವರು. ಹೊಳೆನರಸೀಪುರದ ಕಡೆಯ ಒಬ್ಬ ಹೆಡ್‌ಮಿಸ್ ಬಂದಿದ್ದರು. ನನ್ನದೇ ಥರದ ಎರಡು ಗೆರೆ. ಏನೂ ಉಳಿಯಬಾರದು, ಪೂರ್ತಿ ಹೋಗಬೇಕು ಎಂದು ಹಟ ಹಿಡಿದು ಹಾಕಿಸಿಕೊಂಡರು. ಎರಡು ವಾರಕ್ಕೆ ತಿರುಗಿ ಬಂದರು. ಹಣೆ ಹಪ್ಪಳದ ಹಿಟ್ಟು ಲಟ್ಟಿಸಿದ ಹಾಗೆ ನುಣ್ಣಗಿತ್ತು, ನನಗೆ ನೋಡಿಯೇ ಹೊಟ್ಟೆಕಿಚ್ಚಾಯಿತು. ಅವರು ಮಾತ್ರ ಅಳುವ ಹಾಗಿದ್ದರು.

"ಸಿಸ್ಟ್ರೇ, ಹುಬ್ಬು ಗಂಟಾಕಕ್ಕೇ ಆಯ್ತಿಲ್ಲ. ನಾನು ಸಿಟ್ಟಾಗಿದೀನಿ ಅಂತ ಮಕ್ಳುಗೆ ಗೊತ್ತೇ ಆಗ್ತಿಲ್ಲ ಕಣ್ರೀ. ಏಳನೇ ಕ್ಲಾಸ್ನೋರು ಸಂತೆ ಮಾಡ್ಬುಟ್ಟವ್ರೆ."

ಮೇಡಂ ನಗು ತಡೆದುಕೊಂಡು, ಮುಂದಿನ ಸಲ ಔಷಧಿ ಕಡಿಮೆ ಹಾಕೋಣ ಎಂದರು. ಅವತ್ತಿನಿಂದ ನಾನು ಪೇಷಂಟಿನ ವಿವರ ಬರೆದುಕೊಳ್ಳುವ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿದೆ. ನಿಮ್ಮ ಕೆಲಸಕ್ಕೆ ಈ ಮುಖ ಹೇಗೆ ಬೇಕು ಎಂದು ಮೊದಲೇ ಕೇಳಬೇಕು. ಮೇಷ್ಟ್ರಿಗೆ ಗದರಲು ಬೇಕು, ಹಾಡುವವರಿಗೆ ಹುಬ್ಬು ಏರಿಸಲು ಬೇಕು, ಅಂಗಡಿಯಲ್ಲಿ ಕೂತವರಿಗೆ ನಗಲು ಬೇಕು.

ಇನ್ನೊಂದು ನನ್ನ ಹೆಮ್ಮೆಯ ಕೇಸು. ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿಯ ಒಬ್ಬ ಹೆಂಗಸು, ಕಣ್ಣಿನ ಪಕ್ಕದ ಗೆರೆಗಳಿಗೆ ಬಂದವರು. ಬಸುರಿಯಲ್ಲ, ಮಗುವಿಗೆ ಹಾಲು ಕೊಡುತ್ತಿಲ್ಲ, ರಕ್ತ ತೆಳುವಾಗುವ ಮಾತ್ರೆ ಇಲ್ಲ, ಅಲರ್ಜಿ ಇಲ್ಲ, ಸೂಜಿ ಹಾಕುವ ಜಾಗದಲ್ಲಿ ಗಾಯ ಇಲ್ಲ. ಎಲ್ಲಕ್ಕೂ ಇಲ್ಲ ಎಂದರು. ಕಾರ್ಡ್ ಮುಚ್ಚುವ ಮುಂಚೆ ಅವರ ರೆಪ್ಪೆ ನೋಡಿ ಸುಮ್ಮನೆ ಕೇಳಿದೆ.

"ಸಾಯಂಕಾಲ ಆದ್ರೆ ಕಣ್ರೆಪ್ಪೆ ಭಾರ ಆಗುತ್ತಾಮ್ಮ?"

"ಅಯ್ಯೋ, ನಿಮ್ಗೆಂಗೆ ಗೊತ್ತಾಯ್ತು? ಅಂಗಡಿ ಬಾಗ್ಲು ಆಕೋ ಒತ್ಗೆ ಕಣ್ಣು ತೆಗ್ಯಕ್ಕೇ ಆಗಕಿಲ್ಲ. ಅಗಿಯಕ್ಕೂ ದವಡೆ ಸೋಲ್ತದೆ."

ಮೇಡಂ ಇಂಜೆಕ್ಷನ್ ಹಾಕಲಿಲ್ಲ. ನರರೋಗದ ಡಾಕ್ಟರ ಹತ್ತಿರ ಕಳಿಸಿದರು. ಸ್ನಾಯು ಸೋಲುವ ಕಾಯಿಲೆ ಎಂದು ಅಲ್ಲಿ ಗೊತ್ತಾಯಿತು. ಅಂಥವರಿಗೆ ಈ ಔಷಧಿ ಅಪಾಯ. ವಾಪಸ್ಸು ಬರುವಾಗ ಮೇಡಂ ಕಾರಿನಲ್ಲಿ, "ಭಾಗ್ಯ, ನಿಮ್ಮ ಕಣ್ಣು ದೊಡ್ಡದು" ಎಂದರು. ಶಾಂತಿಗ್ರಾಮ ದಾಟುವವರೆಗೂ ಆ ಮಾತನ್ನು ಮನಸ್ಸಿನಲ್ಲೇ ಮೆಲುಕು ಹಾಕುತ್ತಿದ್ದೆ. ನನಗೆ ಸಂಬಳಕ್ಕಿಂತ ಅದು ಹೆಚ್ಚಾಗಿತ್ತು.

ಮನೆಮನೆಗೆ ಬಂದು ಸೂಜಿ ಹಾಕುವವರ ಕೈಗೆ ಸಿಕ್ಕಿ ಬಂದವರನ್ನೂ ನೋಡಿದ್ದೇನೆ. ಒಬ್ಬಾಕೆಗೆ ಯಾರೋ ಕಾಫಿ ಫ್ಲಾಸ್ಕಿನಲ್ಲಿ ಔಷಧಿ ತಂದು ಹಾಕಿ ಹೋಗಿದ್ದರು. ಕೆನ್ನೆ ತುಂಬ ಗಂಟುಗಳು. ಏನು ಹಾಕಿದರು ಎಂದರೆ ಆಕೆಗೆ ಗೊತ್ತಿಲ್ಲ. ಹಾಕಿದವರ ಫೋನು ಸ್ವಿಚ್ ಆಫ್. ಹಾಕುವವರು ಡಾಕ್ಟರೋ ಅಲ್ಲವೋ ಕೇಳಿ, ಬಾಟಲಿಯ ಸೀಲು ನಿಮ್ಮ ಎದುರಿಗೇ ಒಡೆಸಿ, ಅದರ ಹೆಸರು ಮತ್ತು ತಾರೀಖಿನ ಫೋಟೋ ತೆಗೆದಿಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳಿ. ಕೆನ್ನೆ ತುಟಿ ತುಂಬಿಸುವ ಇನ್ನೊಂದು ಇಂಜೆಕ್ಷನ್ ಇದೆ, ಅದನ್ನು ಫಿಲ್ಲರ್ ಎನ್ನುತ್ತಾರೆ. ಅದು ಬೇರೆಯದೇ ಔಷಧಿ, ಅದರ ಅಪಾಯವೂ ಬೇರೆ. ಅದು ಹಾಕಿದ ಮೇಲೆ ಚರ್ಮ ಬಿಳಿಚಿಕೊಂಡರೆ, ತೀರಾ ನೋವಾದರೆ, ಕಣ್ಣು ಮಂಜಾದರೆ ನಾಳೆ ನೋಡೋಣ ಎನ್ನಬಾರದು, ಆ ಕ್ಷಣವೇ ಡಾಕ್ಟರ ಹತ್ತಿರ ಓಡಬೇಕು. ಸುಕ್ಕಿನ ಸೂಜಿಯಾದ ಮೇಲೆ ನುಂಗಲು, ಉಸಿರಾಡಲು, ಮಾತಾಡಲು ಕಷ್ಟವಾದರೂ ಹಾಗೆಯೇ.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಸೂಜಿ ಹಾಕಿದ ಮೇಲೆ ಪೇಷಂಟಿಗೆ ಹೇಳಿ ಕಳಿಸುವುದು ನರ್ಸಿನ ಕೆಲಸ. ನಾಲ್ಕು ಗಂಟೆ ಹೊತ್ತು ಮಲಗಬಾರದು, ಅವತ್ತು ಬೆವರಿಳಿಯುವ ಕೆಲಸ ಮಾಡಬಾರದು, ಮುಖವನ್ನು ಮಸಾಜ್ ಮಾಡಬಾರದು ಎಂದು ಅಚ್ಚು ಹಾಕಿಸಿದ ಹಾಳೆ ನಮ್ಮಲ್ಲಿತ್ತು. ತಿಕ್ಕಿದರೆ ಔಷಧಿ ಪಕ್ಕದ ಸ್ನಾಯುವಿಗೆ ಹರಡಬಹುದು, ರೆಪ್ಪೆ ಇಳಿಯಬಹುದು. ಆದರೆ ನಮ್ಮ ಕಡೆ ಮಸಾಜ್ ಎಂದರೆ ಬ್ಯೂಟಿ ಪಾರ್ಲರಿನಲ್ಲಿ ಕುರ್ಚಿ ಹಿಂದಕ್ಕೆ ಬಾಗಿಸಿ ಮಾಡುವುದು. ಹರಳೆಣ್ಣೆ ಹಚ್ಚಿಸಿಕೊಂಡು ತಲೆಗೆ ನೀರು ಹಾಕಿಸಿಕೊಳ್ಳುವುದು ಯಾರ ಲೆಕ್ಕದಲ್ಲೂ ಮಸಾಜ್ ಅಲ್ಲ. ಅರಿಶಿನ ಹಚ್ಚಿ ಉಜ್ಜಿ ಮುಖ ತೊಳೆಯುವುದೂ ಅಲ್ಲ. ಹಾಳೆ ಓದಿ ಹೇಳಿದರೆ ಎಲ್ಲರೂ ತಲೆಯಾಡಿಸಿ, ಮನೆಗೆ ಹೋಗಿ ಇದನ್ನೆಲ್ಲ ಮಾಡುತ್ತಿದ್ದರು.

ಅದಕ್ಕೆ ನಾನು ಹಾಳೆಯನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದೆ. "ಇವತ್ತು ಸಾಯಂಕಾಲ ಎಲ್ಲಿಗೆ ಹೋಗ್ತೀರಿ?" ಅಷ್ಟು ಕೇಳಿದರೆ ಸಾಕು, ಊರಿನ ಕಥೆಯೆಲ್ಲ ಬರುತ್ತಿತ್ತು. ಗದ್ದೆಯಲ್ಲಿ ಕಳೆ ಕೀಳಲು ಎಂದರೆ ಇವತ್ತು ಬಗ್ಗಬೇಡಿ ಎನ್ನುವೆ. ಗಂಡನ ಬೈಕಿನಲ್ಲಿ ಊರಿಗೆ ಎಂದರೆ ಬಿಗಿ ಹೆಲ್ಮೆಟ್ ಹಣೆ ಒತ್ತುತ್ತದೆ, ಬಸ್ಸಿಗೆ ಹೋಗಿ ಎನ್ನುವೆ. ನಾಮಕರಣ, ಗೃಹಪ್ರವೇಶ, ಅರಿಶಿನ ಶಾಸ್ತ್ರ ಎಂದರೆ ಸೂಜಿಯನ್ನೇ ಇನ್ನೊಂದು ದಿನಕ್ಕೆ ಹಾಕಿಸುವೆ. ಈ ಪ್ರಶ್ನೆ ಹಾಳೆಯಲ್ಲಿರಲಿಲ್ಲ. ಮೇಡಂಗೂ ಸರಿಯಾಗಿ ಗೊತ್ತಿರಲಿಲ್ಲ. ಅದು ನನ್ನ ಸ್ವಂತದ್ದು ಎಂಬ ಜಂಬ ನನಗಿತ್ತು.

ಎಂಟನೆಯ ವರ್ಷ ಚೈತ್ರ ಬಂದಳು. ದಂಡಿಗನಹಳ್ಳಿಯ ಹುಡುಗಿ, ತಂದೆ ಇಲ್ಲ, ತಾಯಿ ಹೊಲ ನೋಡಿಕೊಳ್ಳುತ್ತಿದ್ದರು. ಇಪ್ಪತ್ತಮೂರು ವರ್ಷ. ಬಂದ ದಿನ ನನ್ನ ಕಾಲಿಗೆ ನಮಸ್ಕಾರ ಮಾಡಿ, "ಅಕ್ಕ, ನಂಗೇನೂ ಗೊತ್ತಿಲ್ಲ, ನೀವೇ ಏಳ್ಕೊಡ್ಬೇಕು" ಎಂದಳು. ನನಗೆ ಹಿತವಾಯಿತು. ಒಂದು ತಿಂಗಳು ಮಾತ್ರ.

ಅವಳು ಬಾಟಲಿಯನ್ನು ಒಂದು ಸಲವೂ ಅಲ್ಲಾಡಿಸಲಿಲ್ಲ. ಮೇಡಂ ಒಮ್ಮೆ ತೋರಿಸಿದರೆ ಸಾಕು, ಕೈ ನೆನಪಿಟ್ಟುಕೊಳ್ಳುತ್ತಿತ್ತು. ಮೊದಲು ನಾವು ಕ್ಯಾಮೆರಾದಲ್ಲಿ ಫೋಟೋ ತೆಗೆದು, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಕಾರ್ಡಿಗೆ ಅಂಟಿಸುತ್ತಿದ್ದೆವು. ಅವಳು ಬಂದ ಮೇಲೆ ಎಲ್ಲ ಟ್ಯಾಬಿಗೆ ಹೋಯಿತು. ನಗುವಾಗ, ಹುಬ್ಬು ಏರಿಸಿದಾಗ, ಸುಮ್ಮನಿದ್ದಾಗ ಮುಖ ಹೇಗಿತ್ತೆಂದು ಪಕ್ಕಪಕ್ಕದಲ್ಲಿ ತೋರಿಸುವಳು. ನಾನು ಟ್ಯಾಬ್ ಮುಟ್ಟಿದರೆ ಅದು ಆಫ್ ಆಗುತ್ತಿತ್ತು. ಪೇಷಂಟುಗಳು "ಆ ಮಗೀನ ಕರೀರಿ" ಎನ್ನತೊಡಗಿದರು. ಅವಳ ಮುಖವೋ, ಒಂದು ಗೆರೆ ಇಲ್ಲ. ಸೋಪು ಹಾಕಿ ತೊಳೆದರೂ ಹೊಳೆಯುವ ಚರ್ಮ. ನಾನು ಕದ್ದು ನೋಡುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಐಸ್ ಬಾಕ್ಸ್ ಹಿಡಿದು ಮುಂದಿನ ಬಾಗಿಲು ತೆಗೆಯಲು ಹೋದಾಗ ಮೇಡಂ, "ಭಾಗ್ಯ, ಮೊಣಕಾಲು ನೋವು ಅಂತಿದ್ರಲ್ಲ, ನೀವು ಹಿಂದೆ ಆರಾಮಾಗಿ ಕೂತ್ಕೊಳಿ. ಚೈತ್ರ, ನೀನು ಬಾಕ್ಸ್ ಹಿಡ್ಕೊ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನನ್ನ ಮೊಣಕಾಲು ನಿಜವಾಗಿ ನೋಯುತ್ತಿತ್ತು. ಆದರೂ ಹೊಳೆನರಸೀಪುರದವರೆಗೆ ಅವಳ ಜಡೆಯನ್ನು ನೋಡುತ್ತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆ ದಿನದಿಂದ ಅವಳಿಗೆ ನಾನು ಏನನ್ನೂ ಕಲಿಸಲಿಲ್ಲ. ಪೇಷಂಟಿಗೆ ಹೇಳಿ ಕಳಿಸುವ ಕೆಲಸ ಅವಳ ಪಾಲಿಗೆ ಬಂದಾಗ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಪ್ರಶ್ನೆಯನ್ನು ನನ್ನಲ್ಲೇ ಇಟ್ಟುಕೊಂಡೆ. ನನ್ನ ಪಾಲಿನ ಪೇಷಂಟುಗಳಿಗೆ ಹೇಳುವಾಗ ಕರ್ಟನ್ ಎಳೆದು, ದನಿ ತಗ್ಗಿಸಿ ಕೇಳುತ್ತಿದ್ದೆ.

ಅವಳು ಬಂದು ವರ್ಷವಾಗಿತ್ತು. ಅರಕಲಗೂಡಿನ ಬುಧವಾರ. ರಾಮನಾಥಪುರದ ಗಿರಿಜಮ್ಮ ಬಂದರು. ಹೊಗೆಸೊಪ್ಪಿನ ವ್ಯಾಪಾರದ ಮನೆಯ ಯಜಮಾನಿ, ಐವತ್ತರ ಹತ್ತಿರ, ಬಾಯಿ ತುಂಬ ಮಾತು. ಇನ್ನು ಮೂರು ವಾರಕ್ಕೆ ಮಗಳ ಮದುವೆ. ಎರಡು ವಾರ ಮುಂಚೆ ಹಾಕಿಸಬೇಕೆಂದು ಯಾರೋ ಹೇಳಿದ್ದರಂತೆ, ಸರಿಯಾದ ಹೊತ್ತಿಗೇ ಬಂದಿದ್ದರು. ಹೊರಗಿನ ಕೋಣೆಯಲ್ಲಿ ನಾನು ಅವರಿಗೆ ಬಿಪಿ ನೋಡುತ್ತಿದ್ದೆ.

"ಬಿರ್ನೆ ಮುಗಿಸ್ಕೊಡಿ ಸಿಸ್ಟ್ರೇ. ಇಂಗೇ ಒಳೆನರ್ಸೀಪುರಕ್ಕೆ ಓಗ್ಬೇಕು. ನಮ್ಮಣ್ಣನ ಮಗ್ಳುಗೆ ಇವತ್ತು ಅರಿಶ್ಣ ಆಕ್ತಾರೆ. ಸ್ವಾದರತ್ತೆ ನಾನೇ ಇಲ್ದಿದ್ರೆ ಯಂಗೆ?"

ನಮ್ಮ ಕಡೆಯ ಅರಿಶಿನ ಶಾಸ್ತ್ರ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಮದುವೆ ಹುಡುಗಿಗೆ ಎಣ್ಣೆ ಅರಿಶಿನ ಹಚ್ಚಿದ ಮೇಲೆ ಸೋದರತ್ತೆಯನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಅತ್ತಿಗೆ ನಾದಿನಿಯರೆಲ್ಲ ಸೇರಿ ಹಿಡಿದು ಕೂರಿಸಿ, ಹಣೆ ಕೆನ್ನೆಗೆಲ್ಲ ಎರಡೂ ಕೈಯಲ್ಲಿ ಮೆತ್ತಿ, ಮುಖ ಹಳದಿಯಾಗುವವರೆಗೆ ತಿಕ್ಕುತ್ತಾರೆ. ನನಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಇವರು ನನ್ನ ಪಾಲಿನವರಾಗಿದ್ದರೆ, "ಗಿರಿಜಮ್ನೋರೆ, ಇವತ್ತು ಬೇಡ, ಶುಕ್ರವಾರ ಚನ್ನರಾಯಪಟ್ಟಣಕ್ಕೆ ಬನ್ನಿ" ಎನ್ನುತ್ತಿದ್ದೆ. ಆದರೆ ಕಾರ್ಡಿನ ಮೇಲೆ ಚೈತ್ರಳ ಹೆಸರಿತ್ತು. ಗಿರಿಜಮ್ಮ ಬರುತ್ತಲೇ, "ಆ ಬೆಳ್ಳನೆ ಸಿಸ್ಟ್ರು ಇಲ್ವಾ? ಅವ್ರು ಬಾಳ ನಾಜೂಕು ಅಂತ ನಮ್ಮೋರ್ಗಿತ್ತಿ ಏಳಿದ್ಲು" ಎಂದಿದ್ದರು. ನಾನು ಬಿಪಿ ಬರೆದು ಕಾರ್ಡನ್ನು ಒಳಗೆ ಕಳಿಸಿದೆ.

ಮೇಡಂ ಸೂಜಿ ಹಾಕಿ ಮುಂದಿನ ಪೇಷಂಟಿಗೆ ಹೋದರು. ಚೈತ್ರ ಹಾಳೆ ಓದಿದಳು. ಒಂದು ಸಾಲೂ ಬಿಡದೆ, ಸ್ಪಷ್ಟವಾಗಿ. "ಮುಖಕ್ಕೆ ಮಸಾಜ್ ಮಾಡಿಸಿಕೊಳ್ಳಬಾರದು" ಎಂಬಲ್ಲಿಗೆ ಗಿರಿಜಮ್ಮ ನಕ್ಕು, "ನಮ್ಮೂರಲ್ಲಿ ಮಸಾಜು ಎಲ್ಲೈತೆ ತಾಯಿ" ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಚೈತ್ರ ತಲೆಯೆತ್ತಿ ನನ್ನನ್ನು ನೋಡಿದಳು.

"ಅಕ್ಕ, ಇನ್ನೇನಾರ ಏಳ್ಬೇಕಾ?"

ಕೇಳಿದಳು. ಅವಳು ಕೇಳಿದಳು ಎಂಬುದನ್ನು ನಾನು ಎಲ್ಲಿಯೂ ಮುಚ್ಚಿಡುವ ಹಾಗಿಲ್ಲ.

"ನಿಂಗೇ ಎಲ್ಲಾ ಗೊತ್ತಲ್ಲ" ಎಂದೆ.

ಮುಂದಿನ ಮಂಗಳವಾರ ಗಿರಿಜಮ್ಮ ಹಾಸನದ ಕ್ಲಿನಿಕ್ಕಿಗೆ ಬಂದರು. ಎಡಗಣ್ಣಿನ ರೆಪ್ಪೆ ಅರ್ಧ ಕಣ್ಣಿನ ಮೇಲೆ ಇಳಿದಿತ್ತು. ಜೊತೆಗೆ ಅವರ ಯಜಮಾನರು, ಸಿಟ್ಟಿನಿಂದ ಕೂರಲೂ ಇಲ್ಲ. ಮೇಡಂ ಕಣ್ಣನ್ನು ಎಲ್ಲ ಕಡೆ ತಿರುಗಿಸಿ ನೋಡಿ ಕೇಳಿದರು.

"ಮುಖ ಏನಾದ್ರೂ ತಿಕ್ಕಿಸಿಕೊಂಡ್ರಾ?"

"ಇಲ್ಲ ಕಣ್ರವ್ವ, ಮಸಾಜು ಗಿಸಾಜು ಯಾವ್ದೂ ಇಲ್ಲ. ನಮ್ಮಣ್ಣನ ಮನೇಲಿ ಅರಿಶ್ಣ ಆಕಿದ್ರು ಅಷ್ಟೇಯ. ಅದು ಶಾಸ್ತ್ರ ಅಲ್ವಾ?"

ಅರಿಶಿನದಿಂದಲೇ ಹೀಗಾಯಿತೆಂದು ಆಣೆ ಮಾಡಿ ಹೇಳಲಾಗದು, ಸೂಜಿ ಸರಿಯಾಗಿಯೇ ಬಿದ್ದರೂ ಕೆಲವರಿಗೆ ರೆಪ್ಪೆ ಇಳಿಯುವುದುಂಟು ಎಂದು ಮೇಡಂ ಮುಚ್ಚುಮರೆಯಿಲ್ಲದೆ ವಿವರಿಸಿದರು. ಕಣ್ಣಿಗೆ ಡ್ರಾಪ್ಸ್ ಬರೆದರು. ಇದು ಉಳಿಯುವಂಥದ್ದಲ್ಲ, ಆದರೆ ಸರಿಹೋಗಲು ಕೆಲವು ವಾರ ಬೇಕು ಎಂದರು. ಮದುವೆಗೆ ಉಳಿದದ್ದು ಎರಡು ವಾರ. ಗಿರಿಜಮ್ಮ ಬೆರಳು ಮಡಿಸಿ ಎಣಿಸಿ, ಸೆರಗಿನಿಂದ ಆ ಕಣ್ಣು ಮುಚ್ಚಿಕೊಂಡರು.

ಅವರು ಹೋದ ಮೇಲೆ ಮೇಡಂ ನಮ್ಮಿಬ್ಬರನ್ನೂ ಕರೆದರು. ಕಾರ್ಡಿನಲ್ಲಿ ಚೈತ್ರಳ ಸಹಿ ಇತ್ತು. "ಅರಿಶಿನ ಅಂತ ಬಿಡಿಸಿ ಏಳ್ಲಿಲ್ಲ ಮೇಡಂ. ತಪ್ಪಾಯ್ತು" ಎಂದಳು. ನನ್ನ ಕಡೆ ನೋಡಲೂ ಇಲ್ಲ. ಮೇಡಂ ನನ್ನನ್ನು ಕೇಳಿದರು.

"ಭಾಗ್ಯ, ಅವತ್ತು ಬಿಪಿ ನೋಡಿದ್ದು ನೀವಲ್ವಾ? ಶಾಸ್ತ್ರಕ್ಕೆ ಹೋಗ್ತೀನಿ ಅಂತ ಏನಾದ್ರೂ ಹೇಳಿದ್ರಾ ಅವರು?"

"ಇಲ್ಲ ಮೇಡಂ" ಎಂದೆ.

ಚೈತ್ರಳನ್ನು ಕೆಲಸದಿಂದ ತೆಗೆಯಲಿಲ್ಲ. ಇಂಜೆಕ್ಷನ್ ಕೋಣೆಯಿಂದ ಕೌಂಟರಿಗೆ ಕಳಿಸಿದರು. ಮುಂದಿನ ಸೋಮವಾರ ಐಸ್ ಬಾಕ್ಸ್ ಮತ್ತೆ ನನ್ನ ತೊಡೆಯ ಮೇಲೆ ಬಂತು. ನಾನು ಕುಣಿಯಬೇಕಿತ್ತು. ಪೇಟೆಯಲ್ಲಿ ಗುರುತಿನವರೊಬ್ಬರು ನೋಡಿ ಕೈ ಎತ್ತಿದರೂ ನಾನು ಕೈ ಎತ್ತಲಿಲ್ಲ. ಎರಡು ತಿಂಗಳಿಗೆ ಚೈತ್ರ ತಾಯಿಗೆ ಹುಷಾರಿಲ್ಲವೆಂದು ಹೇಳಿ ಕೆಲಸ ಬಿಟ್ಟಳು. ಹೋಗುವಾಗಲೂ ನನ್ನ ಕಾಲಿಗೆ ನಮಸ್ಕಾರ ಮಾಡಿದಳು.

ಅದಕ್ಕೂ ಮುಂಚೆ, ಗಿರಿಜಮ್ಮನ ಮಗಳ ಮದುವೆಗೆ ನಾನು ಹೋಗಿದ್ದೆ. ಮೇಡಂ ಪರವಾಗಿ ಉಡುಗೊರೆ ಕೊಡಲು ಕಳಿಸಿದ್ದರು. ಧಾರೆಯ ಹೊತ್ತಿನಲ್ಲಿ ಗಿರಿಜಮ್ಮ ಫೋಟೋದವನಿಗೆ ಬಲಗಡೆಯ ಮುಖವನ್ನೇ ಕೊಡುತ್ತಿದ್ದರು. ಗಂಡಿನ ಕಡೆಯ ಹೆಂಗಸರಿಬ್ಬರು ನನ್ನ ಪಕ್ಕದಲ್ಲಿ ಕೂತು, "ಎಣ್ಣಿನ ತಾಯಿಗೆ ಲಕ್ವ ಒಡ್ದೈತಂತೆ, ನಮ್ಗೆ ಏಳೇ ಇಲ್ಲ ನೋಡು" ಎಂದು ಪಿಸುಗುಟ್ಟುತ್ತಿದ್ದರು. ಅದು ಲಕ್ವ ಅಲ್ಲ ಎಂದು ಹೇಳಿದರೆ ಸೂಜಿಯ ವಿಷಯ ಹೇಳಬೇಕು. ಪೇಷಂಟಿನ ಗುಟ್ಟು ಬಿಡುವ ಹಾಗಿಲ್ಲ. ಊಟ ಮಾಡದೆ ಎದ್ದು ಬಂದೆ. ತಿಂಗಳೊಪ್ಪತ್ತಿನಲ್ಲಿ ಆ ಕಣ್ಣು ಸರಿಹೋಯಿತು. ಮದುವೆಯ ಆಲ್ಬಂ ಮಾತ್ರ ಹಾಗೇ ಉಳಿಯಿತು.

ಆಮೇಲೆ ನಾಲ್ಕು ವರ್ಷ ಕೆಲಸ ಮಾಡಿ ನಾನು ನಿವೃತ್ತಳಾದೆ. ಮನೆಯಲ್ಲಿ ಕನ್ನಡಿ ನೋಡಲು ಬೇಕಾದಷ್ಟು ಹೊತ್ತು ಸಿಕ್ಕಿತು. ಸೂಜಿ ನೋಯದಿರಲೆಂದು ಅಷ್ಟು ಜನರ ಹಣೆಗೆ ಐಸ್ ಒತ್ತಿದವಳು ನಾನು, ನನ್ನದೇ ಎರಡು ಗೆರೆ ಹಾಗೇ ಇವೆಯಲ್ಲ ಅನ್ನಿಸಿತು. ಚೈತ್ರ ಮತ್ತೆ ಕೆಲಸಕ್ಕೆ ಸೇರಿ ಈಗ ಚನ್ನರಾಯಪಟ್ಟಣದ ಒಂದು ಸ್ಕಿನ್ ಕ್ಲಿನಿಕ್ಕಿನಲ್ಲಿ ಹೆಡ್ ನರ್ಸ್ ಎಂದು ಗೊತ್ತಾಗಿತ್ತು. ಹಾಸನದಲ್ಲೇ ಸೂಜಿ ಹಾಕಿಸಬಹುದಿತ್ತು. ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಹೋದೆ. ನಿಜ ಹೇಳಬೇಕೆಂದರೆ ಅವಳ ಮುಖದಲ್ಲೂ ಗೆರೆ ಬಿದ್ದಿದೆಯೇ ಎಂದು ನೋಡುವ ಆಸೆ ಇತ್ತು. ಬಿದ್ದಿರಲಿಲ್ಲ.

"ಅಕ್ಕಾ!" ಎಂದು ಎದ್ದು ಬಂದು ಕೈ ಹಿಡಿದುಕೊಂಡಳು. ಕೂರಿಸಿ ಕಾರ್ಡ್ ತೆಗೆದಳು. ಮಾತ್ರೆ, ಅಲರ್ಜಿ, ಕಾಯಿಲೆ, ಹಿಂದೆ ಹಾಕಿಸಿದ್ದೀರಾ, ಎಲ್ಲ ಕೇಳಿದಳು. ಅವಳ ಹಾಳೆಯನ್ನು ಓದಿದೆ. ಅದರಲ್ಲಿ ಮಸಾಜ್ ಎಂಬ ಪದವೇ ಇರಲಿಲ್ಲ. ಹರಳೆಣ್ಣೆ, ಅರಿಶಿನ, ಹೆಲ್ಮೆಟ್ಟು, ಕಳೆ ಕೀಳುವುದು, ಬಗ್ಗಿ ಬಟ್ಟೆ ಒಗೆಯುವುದು, ಮಕ್ಕಳನ್ನು ಮುಖಕ್ಕೆ ಮುಖ ಒತ್ತಿ ಮುದ್ದಾಡುವುದು ಎಂದು ಬಿಡಿಸಿ ಬರೆದಿದ್ದಳು. ಕೊನೆಯದು ನನಗೆ ಎಂದೂ ಹೊಳೆದಿರಲಿಲ್ಲ. ನನ್ನ ಹುಬ್ಬು ತಾನಾಗಿ ಗಂಟಿಕ್ಕಿತು. ಅಷ್ಟರಲ್ಲಿ ಅವಳು ಪೆನ್ನು ಹಿಡಿದು ಕೇಳಿದಳು.

"ಇವತ್ತು ಸಾಯಂಕಾಲ ಎಲ್ಲಿಗೋಗ್ತೀರಾ ಅಕ್ಕ?"

"ಇದನ್ನ ಯಾರು ಕಲ್ಸಿದ್ರು ನಿಂಗೆ?" ಎಂದೆ.

"ನೀವೇಯ. ಮೇಡಂ ನನ್ನ ಕೌಂಟರ್ಗೆ ಆಕಿದ್ರಲ್ಲ, ನೀವು ಪೇಷಂಟಿಗೆ ಏಳೋದು ಕರ್ಟನ್ ಇಂದ್ಗಡೆಯಿಂದ ಕೇಳಿಸ್ತಿತ್ತು. ಇದನ್ನ ಮೊದ್ಲೇ ಕಲ್ತಿದ್ರೆ ಆಯಮ್ಮನ ಕಣ್ಣು ಅಂಗಾಗ್ತಿರ್ಲಿಲ್ಲ ಅಂತ ಅನ್ಕೋತಿದ್ದೆ."

ಅವಳು ನನ್ನನ್ನು ಚುಚ್ಚಲು ಹೇಳಲಿಲ್ಲ. ತನ್ನನ್ನೇ ಬೈದುಕೊಂಡ ದನಿ ಅದು. ನನಗೆ ತಡೆಯಲಾಗಲಿಲ್ಲ.

"ಅವತ್ತು ಗಿರಿಜಮ್ಮ ನಂಗೆ ಹೇಳಿದ್ರು ಕಣೆ. ಅರಿಶಿನಕ್ಕೆ ಹೋಗ್ತೀನಿ ಅಂತ ಬಾಯಿಬಿಟ್ಟು ಹೇಳಿದ್ರು. ನಾನು ಬೇಕು ಅಂತ್ಲೇ ಸುಮ್ನಿದ್ದೆ. ಮೇಡಂ ಕೇಳಿದಾಗ್ಲೂ ಇಲ್ಲ ಅಂದೆ. ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರೀತಿತ್ತು."

ಚೈತ್ರ ಪೆನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು.

"ನಾನು ಆವಾಗ ಎಷ್ಟ್ ಅತ್ತಿದೀನಿ ಗೊತ್ತಾ ನಿಮ್ಗೆ? ಒಬ್ಬ ತಾಯಿ ಮಗ್ಳ ಧಾರೇಲಿ ಮುಖ ಮುಚ್ಕೊಂಡು ನಿಂತ್ಕೊಳಂಗೆ ಮಾಡ್ಬುಟ್ಟೆ ಅಂತ. ನಮ್ಮವ್ವುಂಗೂ ಏಳಿಲ್ಲ. ಅವ್ವುಂಗೆ ಉಷಾರಿಲ್ಲ ಅಂತ ನಿಮ್ಗೆಲ್ಲ ಸುಳ್ಳೇಳಿ ಕೆಲ್ಸ ಬುಟ್ಟೆ. ನೀವು ನನ್ನ ಅಕ್ಕ ಅಂತ ಕಾಲಿಗ್ ಬಿದ್ದಿದ್ದೆ ಕಣಕ್ಕ."

ನಾನು ಅತ್ತೆ. ಸೆರಗಿನಿಂದ ಕಣ್ಣು, ಹಣೆ, ಮೂಗು ಎಲ್ಲ ಒರೆಸಿಕೊಂಡೆ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ನಾನು ಮುಖ ಉಜ್ಜಿಕೊಳ್ಳುವುದನ್ನು ನರ್ಸಿನ ಕಣ್ಣಲ್ಲಿ ನೋಡುತ್ತಿದ್ದಳು. ಕೊನೆಗೆ ಕಾರ್ಡ್ ಎಳೆದುಕೊಂಡಳು.

"ಇವತ್ತು ಆಕ್ಸಲ್ಲ ಕಣಕ್ಕ. ಇಂಗೆ ಅಳ್ತಾ ಮುಖ ಉಜ್ಕೊಂಡ್ರೆ ಔಷ್ದಿ ಎಲ್ಲೋ ಓಯ್ತದೆ. ಮನೇಗೋದ್ಮೇಲೂ ಅಳ್ತೀರ. ಅಳೋದು ಮುಗ್ದ್ಮೇಲೆ ಬನ್ನಿ."

ಮುಂದೂಡಿದ ಕಾರಣ ಎಂಬ ಖಾನೆಯಲ್ಲಿ ಅವಳು 'ಅಳು' ಎಂದು ಬರೆದಳು. ಕಾರ್ಡನ್ನು ಫೈಲಿಗೆ ಹಾಕಿ, ಬಾಗಿಲು ತೆಗೆದು ಮುಂದಿನವರ ಹೆಸರು ಕರೆದಳು. ಈ ಸಲ ಅವಳು ಕಾಲಿಗೆ ನಮಸ್ಕಾರ ಮಾಡಲಿಲ್ಲ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಅಷ್ಟು ವರ್ಷ ನಾನು ಪೇಷಂಟು ಸಾಯಂಕಾಲ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದೆ. ಎಂಥ ಮನಸ್ಸಿನಲ್ಲಿ ಹೋಗುತ್ತಾರೆ ಎಂದು ಕೇಳಬೇಕೆಂದು ಒಂದು ದಿನವೂ ತೋಚಲಿಲ್ಲ. ಅದು ಅವಳಿಗೆ ತೋಚಿತು. ಮತ್ತೆ ಹೊಟ್ಟೆ ಉರಿಯಿತು. ಕಿಟಕಿಯ ಗಾಜಿನಲ್ಲಿ ನೋಡಿಕೊಂಡರೆ ಎರಡೂ ಗೆರೆ ಅಲ್ಲೇ ಇದ್ದವು. ಮತ್ತೆ ಹಾಕಿಸಲು ಹೋಗಿಲ್ಲ.

ಹುಡುಗಿಯರೇ, ನನಗೆ ಗೊತ್ತಿದ್ದಷ್ಟನ್ನು ಇಲ್ಲಿ ಬರೆದಿದ್ದೇನೆ. ಆದರೆ ಈ ಕೆಲಸವನ್ನು ನಿಜವಾಗಿ ಕಲಿಯಬೇಕೆಂದಿದ್ದರೆ ಕೆಲಸಕ್ಕೆ ಸೇರುವ ಮುಂಚೆ ಒಂದು ತಿಂಗಳು ಚನ್ನರಾಯಪಟ್ಟಣಕ್ಕೆ ಹೋಗಿ ಚೈತ್ರಳ ಕೈಕೆಳಗೆ ನಿಲ್ಲಿ. ಅವಳು ನನಗಿಂತ ಒಳ್ಳೆಯ ನರ್ಸು. ಈ ಒಂದು ಸಾಲು ಬರೆಯಲು ನನಗೆ ಮೂರು ದಿನ ಹಿಡಿಯಿತು.